ಹೋಲಿಕೆಯ ಬೀದಿ

ಮಾರ್ಚ್ ೪, ಮಂಗಳವಾರ

ಐವತ್ತೆರಡನೇ ವಯಸ್ಸಿನಲ್ಲಿ ಮದುವೆಯಾಗುವುದು ಅಪರಾಧವೇನಲ್ಲ. ಇದನ್ನು ನಾನು ಕೇಳಿದವರಿಗೂ ಕೇಳದವರಿಗೂ ನಗುತ್ತಲೇ ಹೇಳುತ್ತಿದ್ದೇನೆ. ಕನ್ನಡಕ ಮಾಡಿಸಿಕೊಳ್ಳಲು ಹೋದ ಅಕ್ಕ ಕನ್ನಡಕದ ಅಂಗಡಿಯವರನ್ನೇ ಮಾಡಿಕೊಂಡು ಬೇರೆ ಊರು ಸೇರಿದಳು ಎಂಬ ತಮಾಷೆಯನ್ನು ಆಫೀಸಿನಲ್ಲಿ ಹುಟ್ಟಿಸಿದವಳೂ ನಾನೇ. ನಾನು ಹುಟ್ಟಿಸದಿದ್ದರೆ ಬೇರೆಯವರು ಹುಟ್ಟಿಸುತ್ತಿದ್ದರು, ಆಗ ಕೇಳಿಸಿಕೊಳ್ಳುವುದು ಕಷ್ಟ.

ಇಪ್ಪತ್ತು ವರ್ಷ ಇಬ್ಬರೂ ಇದ್ದ ಮನೆ ಇದು. ಅವಳ ಕೋಣೆಯ ಬಾಗಿಲು ಹಾಕಿಟ್ಟಿದ್ದೇನೆ, ಧೂಳು ಬರುತ್ತದೆ ಅಂತ. ಊಟ ಅಡುಗೆಕಟ್ಟೆಯ ಪಕ್ಕದಲ್ಲೇ ಮುಗಿಯುತ್ತದೆ. ಒಬ್ಬಳಿಗಾಗಿ ತಟ್ಟೆ, ಲೋಟ, ಕುರ್ಚಿ ಎಲ್ಲ ಜೋಡಿಸಿಕೊಂಡು ಕೂರುವುದು ನಾಟಕ ಆಡಿದ ಹಾಗಿರುತ್ತದೆ.

ಇವತ್ತು ಹೊಸ ಕೆಲಸ ಕೊಟ್ಟರು. ಸಮುದಾಯಕ್ಕೆಂದು ನಡೆಸುವ ಕಾರ್ಯಕ್ರಮಗಳಿಂದ ಜನರಿಗೆ ನಿಜವಾಗಿ ಏನಾದರೂ ಆಯಿತೇ ಎಂದು ಅಳೆದುಕೊಡುವುದು ನಮ್ಮ ಸಂಸ್ಥೆಯ ಕೆಲಸ. ಶೌಚಾಲಯ ಅಳೆದಿದ್ದೇವೆ, ಹೊಲಿಗೆ ತರಬೇತಿ ಅಳೆದಿದ್ದೇವೆ. ಈ ಸಲ ಒಂಟಿತನ. ಮಾರುಕಟ್ಟೆಯ ಹಿಂದಿನ ಬಡಾವಣೆಯಲ್ಲಿ ಒಂದು ಊಟದ ಹಾಲ್ ಶುರುವಾಗಿದೆ. ಮನೆಯಲ್ಲಿ ಒಬ್ಬರೇ ಇರುವವರು ಮಧ್ಯಾಹ್ನ ಅಲ್ಲಿಗೆ ಬಂದು ಒಟ್ಟಿಗೆ ಕೂತು ಊಟ ಮಾಡುತ್ತಾರೆ. ಅದರಿಂದ ಅವರ ಒಂಟಿತನ ಕಡಿಮೆಯಾದರೆ ದುಡ್ಡು ಹಾಕಿದ ಟ್ರಸ್ಟಿನವರು ಹಾಲನ್ನು ಮುಂದುವರಿಸುತ್ತಾರೆ. ಆಗದಿದ್ದರೆ ಮುಚ್ಚುತ್ತಾರೆ.

ನನ್ನ ಪಾಲಿಗೆ ಬಂದದ್ದು ಹಾಲ್ ಅಲ್ಲ. ನಮ್ಮಲ್ಲಿ ಲೆಕ್ಕ ನೋಡುವವರೊಬ್ಬರಿದ್ದಾರೆ. ಬೆನ್ನ ಹಿಂದೆ ಎಲ್ಲರೂ ಅವರನ್ನು ದಶಮಾಂಶ ಎನ್ನುತ್ತೇವೆ. ಅವರು ಬಿಡಿಸಿ ಹೇಳಿದರು: “ಹಾಲ್ ಇಲ್ಲದ ಕಡೆನೂ ಇದೇ ಪ್ರಶ್ನೆಗಳನ್ನ ಕೇಳ್ಬೇಕು. ಅಲ್ಲಿ ಇದ್ದ ಹಾಗೇ ಇದ್ದು, ಇಲ್ಲಿ ಮಾತ್ರ ಕಡಿಮೆ ಆದ್ರೆ ಅದು ಹಾಲಿಂದ ಅಂತ ಹೇಳ್ಬಹುದು. ರೈಲ್ವೆ ಹಳಿ ಆಚೆ ಒಂದು ಬೀದಿ ಆರಿಸಿದ್ದೀವಿ. ಅದು ನಿಮಗೆ. ಹೋಲಿಕೆಯ ಬೀದಿ.”

“ಅಲ್ಲಿ ನಾನು ಏನ್ ಮಾಡ್ಬೇಕು?”

“ಏನೂ ಆಗದ ಹಾಗೆ ನೋಡ್ಕೋಬೇಕು.”

ಸರಿಯಾದವಳನ್ನೇ ಹುಡುಕಿದ್ದಾರೆ ಅಂದುಕೊಂಡೆ.

ಮಾರ್ಚ್ ೭, ಶುಕ್ರವಾರ

ಮೊದಲ ಸುತ್ತು ಶುರುವಾಯಿತು. ತಿಂಗಳಿಗೊಂದು ಸುತ್ತು, ಒಟ್ಟು ಮೂರು. ನಿಯಮಗಳು ಸರಳ: ಕೇಳಬೇಕು, ಬರೆದುಕೊಳ್ಳಬೇಕು, ಹೊರಡಬೇಕು. ಹರಟೆ ಕೂಡದು. ಏನನ್ನೂ ತಿನ್ನಕೂಡದು, ಕುಡಿಯಕೂಡದು. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ದಾಟಿಸಕೂಡದು. ಕೊನೆಯದರಲ್ಲಿ ನಾನು ಬಲು ಗಟ್ಟಿ. ಅಕ್ಕ ಈ ಮನೆಯಲ್ಲಿದ್ದಾಗಲೂ ಹೇಳುತ್ತಿದ್ದಳು, ನಿನ್ನ ಹೊಟ್ಟೆಯೊಳಗೆ ಹೋದ ಮಾತಿಗೆ ಹೊರಗೆ ಬರುವ ದಾರಿ ಗೊತ್ತಿಲ್ಲ ಅಂತ.

ಬೀದಿಯಲ್ಲಿ ಒಂದೇ ತರಹದ ಮೂರಂತಸ್ತಿನ ಕಟ್ಟಡಗಳು. ಮೆಟ್ಟಿಲಿನ ಕೆಳಗೆ ಸೈಕಲ್ಲುಗಳು, ಮುರಿದ ಸ್ಟೂಲುಗಳು. ಕಡೆಯ ಕಟ್ಟಡದ ಮೂರನೇ ಅಂತಸ್ತಿನಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿದ್ದಾರೆ. ಬಾಗಿಲು ತೆಗೆದವರೇ, “ಚಿಲ್ಲರೆ ಇದ್ರೆ ಮಾತ್ರ ಪ್ರಶ್ನೆ ಕೇಳಿ” ಎಂದರು. ನಾನು ನಗಲಿಲ್ಲ, ನಕ್ಕರೆ ಉತ್ತರಗಳ ಮೇಲೆ ಪರಿಣಾಮವಾಗುತ್ತದೆ. ಕಳೆದ ವಾರ ಎಷ್ಟು ಜನರ ಜೊತೆ ಮಾತಾಡಿದಿರಿ ಎಂದು ಕೇಳಿದೆ. ಬೆರಳು ಮಡಿಸಿ ಎಣಿಸಲು ಹೋಗಿ ಬಿಟ್ಟರು.

“ಮೂವತ್ತು ವರ್ಷ ದಿನಾ ನೂರಾರು ಜನರ ಹತ್ರ ಮಾತಾಡ್ದೆ ಮೇಡಂ. ಎಲ್ಲರಿಗೂ ಒಂದೇ ಮಾತು, ಮುಂದೆ ಹೋಗಿ ಮುಂದೆ ಹೋಗಿ ಅಂತ. ಎಲ್ಲರೂ ಹೋದ್ರು ನೋಡಿ.”

ಉತ್ತರದ ಜಾಗದಲ್ಲಿ ಸೊನ್ನೆ ಬರೆದೆ.

ಅದೇ ಕಟ್ಟಡದ ನೆಲ ಅಂತಸ್ತಿನಲ್ಲಿ, ರಸ್ತೆ ಕಡೆಯ ಕೋಣೆಯಲ್ಲಿ ಟೈಲರಮ್ಮ. ನನ್ನದೇ ವಯಸ್ಸಿರಬೇಕು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಉತ್ತರ ಕೊಡುತ್ತಾರೆ, ಹೂಂ, ಊಹೂಂ. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದಾಗ ಮಾತ್ರ ಸೂಜಿ ತೆಗೆದರು. “ಗಂಡ ಇದ್ದ. ಅಳತೆ ಕೊಟ್ಟು ಹೋದವನು ಬಟ್ಟೆ ತಗೊಂಡು ಹೋಗೋಕೆ ಬರ್ಲೇ ಇಲ್ಲ.” ಮತ್ತೆ ಸೂಜಿ ಕಚ್ಚಿಕೊಂಡರು.

ಬೀದಿಯ ಒಂಟಿತನದ ಅಂಕ ಜೋರಾಗಿಯೇ ಬಂದಿದೆ. ಅಂಕ ಹೆಚ್ಚಾದಷ್ಟೂ ಒಂಟಿತನ ಹೆಚ್ಚು.

ಮಾರ್ಚ್ ೧೯, ಬುಧವಾರ

ಕಂಡಕ್ಟರರ ಒಂದು ಉತ್ತರ ಸ್ಪಷ್ಟವಿರಲಿಲ್ಲ. ಮತ್ತೆ ಹೋಗಿ ಖಚಿತಪಡಿಸಿಕೊಂಡು ಬಂದೆ. ಟೈಲರಮ್ಮನ ವಯಸ್ಸನ್ನೂ ಸರಿಯಾಗಿ ಬರೆದುಕೊಂಡಿರಲಿಲ್ಲ. ಮಾಡುವ ಕೆಲಸ ಅಚ್ಚುಕಟ್ಟಾಗಿರಬೇಕು.

ಅಕ್ಕನ ಫೋನ್ ಬಂದಿತ್ತು. ಎತ್ತಲಿಲ್ಲ, ಕೈ ಒದ್ದೆಯಾಗಿತ್ತು.

ಮಾರ್ಚ್ ೨೭, ಗುರುವಾರ

ಮತ್ತೆ ಖಚಿತಪಡಿಸಿಕೊಳ್ಳಲು ಹೋಗಿದ್ದೆ.

ಏಪ್ರಿಲ್ ೮, ಮಂಗಳವಾರ

ಎರಡನೇ ಸುತ್ತು. ಟೈಲರಮ್ಮ ಟೀ ಮಾಡಿಟ್ಟಿದ್ದರು. ನಿಯಮದ ಪ್ರಕಾರ ಬೇಡ ಎನ್ನಬೇಕು. ಆದರೆ ಮಾಡಿಟ್ಟ ಟೀಯನ್ನು ಬೇಡ ಎಂದರೆ ಅವರಿಗೆ ಬೇಜಾರಾಗಿ ಉತ್ತರಗಳೇ ಕೆಡುತ್ತವೆ. ಹಾಗಾಗಿ ಕೆಲಸದ ದೃಷ್ಟಿಯಿಂದ ಕುಡಿದೆ. ಎರಡನೇ ಲೋಟವನ್ನೂ ಅದೇ ದೃಷ್ಟಿಯಿಂದ ಕುಡಿದೆ.

ಅಷ್ಟು ಹೊತ್ತೂ ನನ್ನ ರವಿಕೆಯ ತೋಳನ್ನೇ ನೋಡುತ್ತಿದ್ದವರು, “ಇದನ್ನ ಹೊಲಿದೋರು ಯಾರ್ರೀ? ನಿಮ್ ಮೇಲೆ ಅವರಿಗೆ ಏನಾದ್ರೂ ಕೋಪ ಇತ್ತಾ?” ಎಂದರು. ಅಕ್ಕ ಹೊಲಿದದ್ದು ಅದು. ನನಗೆ ತಡೆಯಲಾರದಷ್ಟು ನಗು ಬಂತು. ಎಷ್ಟೋ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಹೊರಬಂದ ಹಾಗಾಯಿತು. ತೋಳು ಬಿಚ್ಚಿಸಿ ಸರಿ ಮಾಡಿಸಿಕೊಳ್ಳುವಷ್ಟು ಹೊತ್ತು ಅಲ್ಲೇ ಕೂತಿದ್ದೆ, ಅವರ ಶಾಲು ಹೊದ್ದುಕೊಂಡು.

ಆಮೇಲೆ ಮೂರನೇ ಅಂತಸ್ತು ಹತ್ತಿದರೆ ಕಂಡಕ್ಟರ್ ಕಿಟಕಿಯಲ್ಲಿ ನಿಂತಿದ್ದರು. “ನಲವತ್ತೇಳು ನಿಮಿಷ ಲೇಟು. ನಮ್ಮ ಡಿಪೋದಲ್ಲಾಗಿದ್ರೆ ಮೆಮೋ ಕೊಡ್ತಿದ್ರು.” ಕೆಳಗೆ ಎಲ್ಲಿದ್ದಿರಿ ಎಂದು ಕೇಳಿದರು. ನಾನು ಹೇಳಲಿಲ್ಲ. ಟೈಲರಮ್ಮನೂ ಮೇಲೆ ಯಾರ ಮನೆಗೆ ಎಂದು ಕೇಳಿದ್ದರು, ಅವರಿಗೂ ಹೇಳಿರಲಿಲ್ಲ. ಇಬ್ಬರೂ ಒಂದೇ ಕಟ್ಟಡದಲ್ಲಿದ್ದು ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಟೈಲರಮ್ಮನದು ರಸ್ತೆಯ ಬಾಗಿಲು, ಕಂಡಕ್ಟರರದು ಹಿಂದಿನ ಮೆಟ್ಟಿಲು. ಅದನ್ನು ಬದಲಿಸುವುದು ನನ್ನ ಕೆಲಸವಲ್ಲ.

ಬೀದಿಯ ಅಂಕ ಸ್ವಲ್ಪ ಇಳಿದಿದೆ. ಹವೆ ಚೆನ್ನಾಗಿದೆ, ಅದಕ್ಕಿರಬೇಕು.

ಏಪ್ರಿಲ್ ೨೧, ಸೋಮವಾರ

ಅಕ್ಕನ ಫೋನ್ ಎತ್ತಿದೆ. ಊಟ ಆಯ್ತಾ ಅಂದಳು. ಆಯ್ತು ಅಂದೆ. ಏನು ಮಾಡಿದ್ದೆ ಅಂದಳು. ಆಮೇಲೆ ಟೈಲರಮ್ಮ ರವಿಕೆಯ ಬಗ್ಗೆ ಹೇಳಿದ ಮಾತನ್ನು ಅವಳಿಗೆ ಹೇಳಿಬಿಟ್ಟೆ. ಹೆಸರು, ವಿಳಾಸ ಯಾವುದನ್ನೂ ಹೇಳಲಿಲ್ಲ, ಹಾಗಾಗಿ ನಿಯಮ ಮುರಿದ ಹಾಗೆ ಆಗುವುದಿಲ್ಲ. ಅವಳು ನಗುತ್ತಲೇ ಇದ್ದಳು. ಹಿಂದಿನಿಂದ ಭಾವನವರೂ ಏನು, ಏನು ಎಂದು ಕೇಳುತ್ತಿದ್ದುದು ಕೇಳಿಸಿತು. ಒಳ್ಳೆಯ ಮನುಷ್ಯರ ಧ್ವನಿ, ಅದೇ ತೊಂದರೆ. ಬೈಯಲು ಏನಾದರೂ ಸಿಕ್ಕಿದ್ದರೆ ಅನುಕೂಲವಾಗುತ್ತಿತ್ತು.

ಮೇ ೬, ಮಂಗಳವಾರ

ಮೂರನೇ ಸುತ್ತು, ಕೊನೆಯದು. ಬೀದಿಯಲ್ಲಿ ಎಲ್ಲರಿಗೂ ನಾನು ಬರುವ ದಿನ ಗೊತ್ತು. ಬೀಗ ರಿಪೇರಿಯವರು ಅಂಗಡಿ ಮುಚ್ಚಿಕೊಂಡು ಬಂದು ಮನೆಯಲ್ಲಿ ಕಾದಿದ್ದರು. ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುತ್ತಿದ್ದ ಮುದುಕಿ ನನಗಾಗಿ ಕೂದಲು ಬಾಚಿಕೊಂಡಿದ್ದಳು, ಅದನ್ನು ತಾನೇ ಹೇಳಿದಳು.

ಹನ್ನೊಂದನೇ ಪ್ರಶ್ನೆಯಲ್ಲಿ ಒಂದು ಸಣ್ಣ ತೊಡಕಾಯಿತು. ‘ನಿಮಗೆ ಹುಷಾರಿಲ್ಲದಿದ್ದರೆ ಮೊದಲು ಯಾರಿಗೆ ಹೇಳುತ್ತೀರಿ?’ ಮನೆಯವರು, ನೆಂಟರು, ನೆರೆಯವರು, ಗೆಳೆಯರು, ಇತರೆ, ಯಾರೂ ಇಲ್ಲ. ಇವುಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು.

ಕಂಡಕ್ಟರ್ ಎಂದರು, “ನಿಮಗೇ.”

“ಹಾಗೆ ಹೇಳೋ ಹಾಗಿಲ್ಲ, ಇದರಲ್ಲಿ ಒಂದನ್ನ ಹೇಳಿ.”

“ನೀವು ಕೇಳಿದ್ರಿ, ನಾನು ಹೇಳ್ದೆ. ನೀವು ಕೊಟ್ಟ ಕಾರ್ಡಲ್ಲಿ ನಿಮ್ಮ ನಂಬರ್ ಇದೆಯಲ್ಲ, ದೂರು ಇದ್ರೆ ಫೋನ್ ಮಾಡಿ ಅಂತ. ಜ್ವರ ಬಂದ್ರೆ ಅದೂ ದೂರೇ.”

ಇತರೆ ಎಂಬುದಕ್ಕೆ ಗುರುತು ಹಾಕಿದೆ. ಟೈಲರಮ್ಮನೂ ನನ್ನ ಕಡೆಗೇ ಸೂಜಿ ತೋರಿಸಿದರು. ಅಲ್ಲೂ ಇತರೆ. ಮುದುಕಿಗೂ ಇತರೆ. ಹೀಗೆ ಬಹಳ ಕಡೆ ಆಯಿತು. ತಪ್ಪೇನಿಲ್ಲ, ಅದಕ್ಕೆಂದೇ ಆ ಜಾಗ ಇಟ್ಟಿರುತ್ತಾರೆ.

ಬರುವಾಗ ಏಕೋ ಸಂಕಟ. ಸುತ್ತು ಮುಗಿದ ಮೇಲೆ ಆ ಬೀದಿಗೆ ಹೋಗಲು ಏನು ಕಾರಣ ಹೇಳುವುದು? ಖಚಿತಪಡಿಸಿಕೊಳ್ಳುವುದು ಇನ್ನೂ ಒಂದೆರಡು ಇರಬಹುದು.

ಜೂನ್ ೧೦, ಮಂಗಳವಾರ

ದಶಮಾಂಶ ಲೆಕ್ಕ ಮುಗಿಸಿದರು. ಹಾಲಿಗೆ ಬರುವವರ ಅಂಕ ಚೆನ್ನಾಗಿ ಇಳಿದಿದೆ. ನನ್ನ ಬೀದಿಯ ಅಂಕವೂ ಅಷ್ಟೇ ಇಳಿದಿದೆ. ವ್ಯತ್ಯಾಸ ಇಲ್ಲವೆನ್ನುವಷ್ಟು ಸಣ್ಣದು. ಅಂದರೆ ಹಾಲ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದಾಯಿತು. ಟ್ರಸ್ಟಿನವರು ತಿಂಗಳ ಕೊನೆಗೆ ಹಾಲ್ ನಿಲ್ಲಿಸುತ್ತಾರಂತೆ.

“ಸ್ವಲ್ಪ ವಿಚಿತ್ರ,” ಎಂದರು ದಶಮಾಂಶ. “ಇಷ್ಟು ಜನ ಇತರೆ ಅಂದಿದ್ದಾರೆ. ಯಾರು ಈ ಇತರೆ?”

“ಜನ ಏನೇನೋ ಹೇಳ್ತಾರೆ ಸರ್.”

ಅಷ್ಟು ಹೇಳಿ ಎದ್ದು ಬಂದೆ. ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡೆ.

ಜೂನ್ ೧೨, ಗುರುವಾರ

ಯಾರಿಗೂ ಹೇಳದೆ ಆ ಹಾಲಿಗೆ ಹೋಗಿ ಬಂದೆ. ಇಲ್ಲಿಯವರೆಗೆ ನೋಡಿರಲಿಲ್ಲ. ನನ್ನ ಬೀದಿ ಬೇರೆ, ಅದು ಬೇರೆ.

ಹಿಂದೆ ಗೋದಾಮು ಆಗಿದ್ದ ಜಾಗ. ಉದ್ದದ ಮೇಜುಗಳು, ಒಂದಕ್ಕೊಂದು ಹೊಂದದ ಕುರ್ಚಿಗಳು. ಅಡುಗೆಯಮ್ಮ ಸೌಟು ಹಿಡಿದು ಓಡಾಡುತ್ತಾ ಎಲ್ಲರನ್ನೂ ಬೈಯುತ್ತಾಳೆ: ನಿನ್ನೆ ಯಾಕೆ ಬರ್ಲಿಲ್ಲ, ಔಷಧಿ ತಗೊಂಡ್ಯಾ, ಆ ಮೂಲೇಲಿ ಯಾಕೆ ಕೂತೆ, ಈ ಕಡೆ ಬಾ. ಒಬ್ಬ ಮುದುಕ ತನ್ನ ಪಕ್ಕದ ಕುರ್ಚಿಯ ಮೇಲೆ ಟೋಪಿ ಇಟ್ಟು ಜಾಗ ಹಿಡಿದಿದ್ದ. ಯಾರಿಗೆ ಎಂದು ಕೇಳಿದೆ. “ಇನ್ನೂ ಬಂದಿಲ್ಲ ಅವನು, ಬಂದೇ ಬರ್ತಾನೆ” ಎಂದ. ಬಂದ. ಬಂದವನು ಟೋಪಿಯನ್ನು ಮುದುಕನ ತಲೆಗೆ ಹಾಕಿ ಕೂತ. ಇಬ್ಬರೂ ಊಟ ಮುಗಿಯುವವರೆಗೂ ಯಾವುದೋ ಹಳೆಯ ಪಂದ್ಯದ ಬಗ್ಗೆ ಜಗಳವಾಡಿದರು.

ಅಡುಗೆಯಮ್ಮ ನಾನು ಯಾರೆಂದು ಕೇಳದೆ ನನ್ನ ಮುಂದೆಯೂ ತಟ್ಟೆ ಇಟ್ಟಳು. “ಮುಚ್ತಾರಂತಲ್ಲ,” ಅಂದಳು. “ಇವರಿಗೆ ಇನ್ನೂ ಹೇಳಿಲ್ಲ. ಹೆಂಗೆ ಹೇಳ್ಲಿ? ನೀವೇ ಹೇಳಿ, ಓದಿದೋರು.”

ಕಲಸಿದ ಅನ್ನವನ್ನು ಹಾಗೇ ಬಿಟ್ಟೆ. ಹಾಲ್ ಕೆಲಸ ಮಾಡಿಲ್ಲ ಅಂತ ನಾವು ಬರೆದಿದ್ದೇವೆ. ಹಾಲ್ ಕೆಲಸ ಮಾಡಿದೆ. ಹಳಿಯ ಆಚೆ ನಾನೂ ಅದೇ ಕೆಲಸ ಮಾಡಿದೆ, ಅಷ್ಟೇ. ಬೀದಿಯಲ್ಲಿ ಏನೂ ಆಗದ ಹಾಗೆ ನೋಡಿಕೊಳ್ಳಬೇಕಾದವಳು ನಾನು.

ಜೂನ್ ೧೩, ಶುಕ್ರವಾರ

ಬೆಳಿಗ್ಗೆಯೇ ದಶಮಾಂಶರ ಮುಂದೆ ಹೋಗಿ ಕೂತೆ. “ಆ ಇತರೆ ನಾನೇ ಸರ್” ಎಂದೆ.

ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. “ಎಷ್ಟು ಸಲ ಹೋಗಿದ್ರಿ?”

“ಲೆಕ್ಕ ಇಟ್ಟಿಲ್ಲ.”

“ಈ ಆಫೀಸಲ್ಲಿ ಕೂತು ಲೆಕ್ಕ ಇಟ್ಟಿಲ್ಲ ಅಂತೀರಲ್ಲಾ.” ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. “ಯಾಕೆ ಹೋಗ್ತಿದ್ರಿ?” ಎಂದು ಕೇಳಿದರು.

“ಉತ್ತರಗಳನ್ನ ಖಚಿತಪಡಿಸ್ಕೊಳ್ಳೋಕೆ.”

ಅವರು ಹಾಳೆಗಳನ್ನು ಒಂದೆಡೆ ಸರಿಸಿದರು. ಆಮೇಲೆ ಒಂದು ದಾರಿ ಹೇಳಿದರು. ಬೇರೆ ಬೀದಿ ಹುಡುಕಿ ಮೊದಲಿನಿಂದ ಶುರು ಮಾಡಲು ಟ್ರಸ್ಟಿನವರು ಒಪ್ಪುವುದಿಲ್ಲ. ಆದರೆ ಮೂರು ತಿಂಗಳು ಕೇಳಿದರೆ ಕೊಡಬಹುದು. ಆ ಮೂರು ತಿಂಗಳು ಹಾಲ್ ನಡೆಯುತ್ತದೆ, ನಾನು ಬೀದಿಯ ಕಡೆ ತಲೆ ಹಾಕಬಾರದು. ಕೊನೆಗೆ ಹಾಲಿನ ಕಡೆ ಪ್ರಶ್ನೆ ಕೇಳುವ ಗುಂಗುರು ಕೂದಲಿನ ಹುಡುಗಿಯೇ ನನ್ನ ಬೀದಿಗೂ ಹೋಗಿ ಕೇಳುತ್ತಾಳೆ. ಆಗ ನಿಜವಾದ ವ್ಯತ್ಯಾಸ ಗೊತ್ತಾಗುತ್ತದೆ.

“ಬರಲ್ಲ ಅಂತ ಒಂದು ಮಾತು ಹೇಳಿ ಬರ್ಲಾ ಸರ್?”

“ಬೇಡ. ಕಾರಣ ಗೊತ್ತಾದ್ರೆ ಅವರು ಅದಕ್ಕೆ ತಕ್ಕ ಹಾಗೆ ಉತ್ತರ ಕೊಡ್ತಾರೆ. ನೀವು ಬರೋದು ನಿಂತಿತು, ಅಷ್ಟೇ. ಫೋನೂ ಬೇಡ.”

ಒಪ್ಪಿಕೊಂಡೆ. ಟೋಪಿ ಇಟ್ಟು ಜಾಗ ಹಿಡಿದ ಆ ಮುದುಕನ ಮುಖ ಕಣ್ಮುಂದೆ ಇತ್ತು. ಮೂರು ತಿಂಗಳು ಏನು ಮಹಾ, ನೋಡುತ್ತಾ ನೋಡುತ್ತಾ ಕಳೆದುಹೋಗುತ್ತದೆ.

ಜುಲೈ ೨, ಬುಧವಾರ

ಇವತ್ತು ಏನೂ ಇಲ್ಲ.

ಜುಲೈ ೧೧, ಶುಕ್ರವಾರ

ಅಕ್ಕನ ಕೋಣೆ ಗುಡಿಸಿದೆ. ಬಾಗಿಲು ಹಾಕಿದ್ದರೂ ಧೂಳು ಹೇಗೆ ಬರುತ್ತದೋ. ಮುಗಿಸಿ ಅಲ್ಲೇ ಮಂಚದ ಮೇಲೆ ಸ್ವಲ್ಪ ಹೊತ್ತು ಕೂತೆ. ರೇಡಿಯೋ ಹಾಕಿದೆ. ಯಾರೋ ಮಾತಾಡುತ್ತಿದ್ದರು, ಏನು ಅಂತ ಗೊತ್ತಿಲ್ಲ.

ಜುಲೈ ೨೦, ಭಾನುವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ತಲೆಯಲ್ಲೇ ಸುತ್ತುತ್ತಿರುತ್ತದೆ.

ಮಾರುಕಟ್ಟೆಯ ಬಸ್ ಹತ್ತಿದರೆ ಎದುರಿಗೇ ಕಂಡಕ್ಟರ್. ಅವರು ಕೆಲಸದಲ್ಲಿರಲಿಲ್ಲ, ಎಲ್ಲರ ಹಾಗೆ ಪ್ರಯಾಣಿಕ. ಮಡಿಲಲ್ಲಿ ತರಕಾರಿ ಚೀಲ. ನನ್ನನ್ನು ನೋಡಿ ಮುಖ ಅರಳಿತು. ಚೀಲ ಎತ್ತಿ ಪಕ್ಕದ ಸೀಟು ಖಾಲಿ ಮಾಡಿದರು. “ಬನ್ನಿ ಮೇಡಂ, ಬನ್ನಿ. ಎಲ್ಲಿ ಮಾಯ ಆಗ್ಬಿಟ್ರಿ? ನಾನು ಕಿಟಕೀಲಿ ನಿಂತು ನಿಂತು ಕಾಲು ನೋವು ಬರಿಸ್ಕೊಂಡೆ.”

ನಾನು ಕೂರಲಿಲ್ಲ. ಯಾರನ್ನೋ ಹುಡುಕುವವಳ ಹಾಗೆ ಆ ಕಡೆ ಈ ಕಡೆ ನೋಡಿ ಮುಂದಿನ ನಿಲ್ದಾಣದಲ್ಲಿ ಇಳಿದೆ. ಇಳಿಯುವಾಗ ಅವರ ಕಡೆ ನೋಡಲಿಲ್ಲ. ಬಸ್ ಹೊರಟ ಮೇಲೆ ನೋಡಿದೆ. ಅವರು ಚೀಲವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು, ಸೀಟು ಖಾಲಿಯೇ ಇತ್ತು.

ಮನೆಯವರೆಗೂ ಅಳುತ್ತಾ ನಡೆದು ಬಂದೆ. ದಾರಿಯಲ್ಲಿ ಯಾರೋ ಏನಾಯ್ತಮ್ಮಾ ಅಂದರು. ಕಣ್ಣಿಗೆ ಧೂಳು ಬಿತ್ತು ಅಂದೆ. ಮಳೆ ಬಂದು ರಸ್ತೆಯೆಲ್ಲಾ ಒದ್ದೆಯಾಗಿತ್ತು, ಆದರೂ ನಂಬಿದರು ಪಾಪ.

ಆಗಸ್ಟ್ ೯, ಶನಿವಾರ

ಮಧ್ಯಾಹ್ನ ಫೋನ್ ಹೊಡೆದುಕೊಂಡಿತು. ಕಂಡಕ್ಟರರ ನಂಬರು. ಎತ್ತಲಿಲ್ಲ. ನಿಂತಿತು. ಮತ್ತೆ ಹೊಡೆದುಕೊಂಡಿತು. ಬಸ್ಸಿನ ವಿಷಯಕ್ಕೆ ಬೈಯಲಿಕ್ಕೇ ಇರಬೇಕು. ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಮುಂದಿನ ಕೋಣೆಗೆ ಬಂದೆ. ಅಲ್ಲಿಗೂ ಕೇಳಿಸಿತು.

ಸಂಜೆ ಅಕ್ಕನಿಗೆ ನಾನೇ ಫೋನ್ ಮಾಡಿದೆ. ಎಲ್ಲ ಹೇಳಿದೆ, ಹಾಲ್, ಬೀದಿ, ಇತರೆ, ಮೂರು ತಿಂಗಳು.

“ಎತ್ತಬೇಕಿತ್ತು ಕಣೇ,” ಅಂದಳು.

“ಎತ್ತಿದ್ರೆ ಲೆಕ್ಕ ಕೆಡುತ್ತೆ. ಹಾಲ್ ಮುಚ್ಚಿದ್ರೆ ಅಷ್ಟು ಜನ ಎಲ್ಲಿಗೆ ಹೋಗ್ತಾರೆ?”

“ಅದು ಸರಿ. ಆದ್ರೂ ಒಂದ್ ಮಾತು. ಮದುವೆ ಆದ ಹೊಸದರಲ್ಲಿ ನೀನು ನನ್ನ ಫೋನ್ ಎತ್ತುತ್ತಿರ್ಲಿಲ್ಲ. ಕೈ ಒದ್ದೆ ಇತ್ತು ಅಂತ ಆಮೇಲೆ ಅಂದೆ, ನಿಜವೋ ಏನೋ ನಿಂಗೆ ಗೊತ್ತು. ನಾನಂತೂ ಇವಳಿಗೆ ಇನ್ನು ನಾನು ಬೇಡ ಅಂದ್ಕೊಂಡು ಅಡುಗೆಮನೇಲಿ ಅತ್ತೆ. ನಿಮ್ಮ ಭಾವ ಈರುಳ್ಳಿ ಅಂತ ತಿಳ್ಕೊಂಡ್ರು.”

“ನೀನು ಬೇಡ ಅಂತ ಅಲ್ಲ. ನೀನಿಲ್ಲದೆ ನಂಗೆ ಆಗ್ತಿರ್ಲಿಲ್ಲ,” ಅಂದೆ. ಇದನ್ನು ನಾನು ಹೇಳಿದ್ದು ಹೌದೋ ಅಲ್ಲವೋ ಅಂತ ಈಗ ಅನುಮಾನವಾಗುತ್ತಿದೆ. ಹೇಳಿದ್ದೇನೆ ಅಂತ ಕಾಣುತ್ತದೆ, ಯಾಕೆಂದರೆ ಅವಳು ಮತ್ತೆ ಅತ್ತಳು.

ಆಗಸ್ಟ್ ೧೦, ಭಾನುವಾರ

ಫೋನ್ ಬರಲಿಲ್ಲ.

ಆಗಸ್ಟ್ ೧೪, ಗುರುವಾರ

ಬರಲಿಲ್ಲ.

ಸೆಪ್ಟೆಂಬರ್ ೧೬, ಮಂಗಳವಾರ

ಫಲಿತಾಂಶ ಬಂತು. ಈಗ ಹಾಲಿಗೂ ಬೀದಿಗೂ ದೊಡ್ಡ ವ್ಯತ್ಯಾಸ. ಹಾಲಿನವರ ಅಂಕ ಇಳಿದೇ ಇದೆ. ಬೀದಿಯ ಅಂಕ ಮಾರ್ಚಿಗಿಂತಲೂ ಮೇಲೆ ಹೋಗಿದೆ. ದಶಮಾಂಶರು ಮೊದಲ ಸಲ ನನ್ನ ಕೈ ಕುಲುಕಿದರು. ಟ್ರಸ್ಟಿನವರು ಹಾಲನ್ನು ಇನ್ನೂ ಮೂರು ವರ್ಷ ನಡೆಸುತ್ತಾರೆ. ಅಡುಗೆಯಮ್ಮ ಆಫೀಸಿಗೇ ಬಂದು ಎಲ್ಲರಿಗೂ ಕೈ ಮುಗಿದು ಹೋದಳು. ಒಳಗೆ ನಿಜವಾಗಿ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ, ಅದು ಉಳಿದದ್ದಕ್ಕೆ ಸಂತೋಷವಾಯಿತು.

ಎಲ್ಲರೂ ಹೋದ ಮೇಲೆ ಬೀದಿಯ ಹಾಳೆಗಳನ್ನು ತೆಗೆದು ನೋಡಿದೆ. ವ್ಯತ್ಯಾಸ ಯಾಕೆ ಅಷ್ಟು ದೊಡ್ಡದಾಯಿತು ಅಂತ ದಶಮಾಂಶರು ಕೇಳಲಿಲ್ಲ. ನನಗೆ ಗೊತ್ತು. ಅರ್ಧ ಹಾಲ್ ಮಾಡಿದ್ದು. ಇನ್ನರ್ಧ ನಾನು ಮಾಡಿದ್ದು, ಹೋಗದೆ. ಮಾರ್ಚಿನಲ್ಲಿ ಅವರ ಮನೆಗೆ ಯಾರೂ ಬರುತ್ತಿರಲಿಲ್ಲ, ಅಷ್ಟೇ. ಈಗ ಬರುತ್ತಿದ್ದವಳು ಬರುವುದನ್ನು ಬಿಟ್ಟಿದ್ದಾಳೆ. ಅದಕ್ಕೆ ಮಾರ್ಚಿಗಿಂತ ಮೇಲೆ.

ಗುಂಗುರು ಕೂದಲಿನ ಹುಡುಗಿಯ ಬರವಣಿಗೆ ದುಂಡಗಿದೆ, ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದಾಳೆ. ಹನ್ನೊಂದನೇ ಪ್ರಶ್ನೆಗೆ ಕಂಡಕ್ಟರರ ಉತ್ತರ: ‘ಜ್ವರ ಬಂದಿತ್ತು. ಹೇಳೋಣ ಅಂತ ಫೋನ್ ಮಾಡಿದೆ. ಎತ್ತಲಿಲ್ಲ. ಯಾರೂ ಇಲ್ಲ ಅಂತ ಬರ್ಕೊಳ್ಳಿ.’ ಪಕ್ಕದಲ್ಲಿ ಅವಳು ‘ಯಾರೂ ಇಲ್ಲ’ ಎಂಬುದಕ್ಕೆ ನೀಟಾಗಿ ಗುರುತು ಹಾಕಿದ್ದಾಳೆ.

ಸೆಪ್ಟೆಂಬರ್ ೧೮, ಗುರುವಾರ

ರಜೆ ಹಾಕಿ ಹೋದೆ. ಚೀಲವಿಲ್ಲ, ಹಾಳೆಯಿಲ್ಲ, ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ.

ಟೈಲರಮ್ಮ ಮಿಷನ್ ನಿಲ್ಲಿಸಲಿಲ್ಲ. “ಮತ್ತೆ ಪ್ರಶ್ನೆ ಶುರುವಾಯ್ತಾ?”

“ಇಲ್ಲ.”

“ಹೊಲಿಯೋದು ಇದೆಯಾ?”

“ಇಲ್ಲ.”

“ಮತ್ತೆ?”

ಬರುವಾಗ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಕೈಕೊಟ್ಟವು. “ನಂಗೆ ಮನೇಲಿ ಯಾರೂ ಇಲ್ಲ. ಅದಕ್ಕೇ ಬರ್ತಿದ್ದೆ. ಈಗಲೂ ಅದಕ್ಕೇ ಬಂದೆ,” ಎಂದೆ. ಆಮೇಲೆ ಹಾಲಿನ ವಿಷಯ, ಬೀದಿಯನ್ನು ಆರಿಸಿದ್ದು, ಮೂರು ತಿಂಗಳು ಬರಬಾರದು ಎಂದದ್ದು, ಎಲ್ಲವನ್ನೂ ಹೇಳಿದೆ. ಮಿಷನ್ ಓಡುತ್ತಲೇ ಇತ್ತು. ಹೊಲಿಗೆ ಮುಗಿದು ದಾರ ಕತ್ತರಿಸಿದ ಮೇಲೆ ಅವರು ತಲೆ ಎತ್ತಿದರು.

“ಅಂದ್ರೆ ನಮಗೆ ಬೇಜಾರಾಗ್ಲಿ ಅಂತ ನೀವು ಬರ್ಲಿಲ್ಲ.”

“ಹೌದು.”

“ಬೇಜಾರು ನಿಮಗೆ ಬೇಕಾದಷ್ಟು ಸಿಕ್ತಾ? ಸಾಕಾಯ್ತಾ?”

“ಸಾಕಾಯ್ತು.”

“ಆ ಊಟದ ಹಾಲ್?”

“ಉಳೀತು.”

ಅವರು ಬಟ್ಟೆ ಮಡಚತೊಡಗಿದರು. ಕ್ಷಮಿಸಿ ಎಂದೆ. ಅವರು ಇನ್ನೊಂದು ಬಟ್ಟೆ ಎತ್ತಿಕೊಂಡರು. ಕೂರಿ ಎನ್ನಲಿಲ್ಲ. ಆಗ ನಾನು ಈ ಕೆಲಸ ಸೇರಿದ ಮೇಲೆ ಎಂದೂ ಮಾಡದ್ದನ್ನು ಮಾಡಿದೆ. ಒಂದು ಮನೆಯ ಮಾತನ್ನು ಇನ್ನೊಂದು ಮನೆಯಲ್ಲಿ ಹೇಳಿದೆ. “ಮೂರನೇ ಅಂತಸ್ತಲ್ಲಿ ಒಬ್ಬರು ಕಂಡಕ್ಟರ್ ಇದ್ದಾರೆ. ಹೋದ ತಿಂಗಳು ಅವರಿಗೆ ಜ್ವರ ಬಂದಿತ್ತು. ನಂಗೆ ಫೋನ್ ಮಾಡಿದ್ರು, ನಾನು ಎತ್ತಲಿಲ್ಲ. ಬೇರೆ ಯಾರಿಗೂ ಹೇಳಿಲ್ಲ ಅವರು.”

ಟೈಲರಮ್ಮನ ಕೈ ನಿಂತಿತು. “ಈ ಕಟ್ಟಡದಲ್ಲಾ? ನನ್ನ ತಲೆ ಮೇಲೆನಾ?” ಚಾವಣಿಯನ್ನೊಮ್ಮೆ ನೋಡಿದರು. “ಇದನ್ನ ಮಾರ್ಚಲ್ಲೇ ಹೇಳೋಕೆ ನಿಮಗೇನಾಗಿತ್ತು ರೋಗ?”

ನಿಯಮ ಇತ್ತು ಎನ್ನಲು ಬಾಯಿ ಬರಲಿಲ್ಲ. ಅವರು ಅಂಗಡಿಯ ಬಾಗಿಲು ಎಳೆದುಕೊಂಡು ಹೊರಟೇಬಿಟ್ಟರು. ಹಿಂದಿನ ಮೆಟ್ಟಿಲು ಯಾವ ಕಡೆ ಅಂತಲೂ ಅವರಿಗೆ ಗೊತ್ತಿರಲಿಲ್ಲ, ನಾನೇ ತೋರಿಸಿದೆ.

ಕಂಡಕ್ಟರ್ ಬಾಗಿಲು ತೆಗೆದರು. ಬಹಳ ಸೊರಗಿದ್ದಾರೆ. ನನ್ನನ್ನು ನೋಡಿದರು, ಬಾಗಿಲ ಮೇಲಿನ ಕೈ ತೆಗೆಯಲಿಲ್ಲ. ಟೈಲರಮ್ಮ ನನ್ನನ್ನು ದಾಟಿ ಮುಂದೆ ನಿಂತು, “ನಾನು ಕೆಳಗಿನ ಮನೆಯವಳು. ನಿಮಗೆ ಹುಷಾರಿರ್ಲಿಲ್ಲವಂತೆ, ಈಗ ಹೇಗಿದ್ದೀರಿ?” ಎಂದರು. ಕಂಡಕ್ಟರ್ ತಬ್ಬಿಬ್ಬಾಗಿ ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದರು. “ಬನ್ನಿ, ಒಳಗೆ ಬನ್ನಿ” ಎಂದರು, ಟೈಲರಮ್ಮನಿಗೆ.

ಒಳಗೆ ಎರಡು ಕುರ್ಚಿ. ಇಬ್ಬರೂ ಕೂತರು. ಯಾವ ಮಾತ್ರೆ ತಗೊಂಡ್ರಿ, ಗಂಜಿ ಯಾರು ಮಾಡಿಕೊಟ್ರು ಎಂದು ಟೈಲರಮ್ಮ ಕೇಳುತ್ತಿದ್ದರು, ಕಂಡಕ್ಟರ್ ಹೇಳುತ್ತಿದ್ದರು. ನಾನು ಬಾಗಿಲಲ್ಲೇ ಇದ್ದೆ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಚಪ್ಪಲಿ ಬಿಚ್ಚಿಟ್ಟು ಕಾದೆ.